ಸ್ವಾಗತವಲ್ಲ, ಸ್ವಗತ

ಉದಯಗಿರಿ, ಮೈಸೂರು
೧೧ ಆಗಸ್ಟ್ ೨೦೨೪

ಮಗಳು ಗಗನಳಿಗೆ ಅಪ್ಪನ ಅಕ್ಕರೆಯ ನೆನಪುಗಳು.

ನಿನ್ನ ಸೊಂಟದ ನೋವು ಹೇಗಿದೆ? ಹಾಸನದ ಥಂಡಿಯಲ್ಲಿ ಬಿಸಿನೀರಿನ ಶಾಖ ಬಿಡಬೇಡ. ನನ್ನ ಮಂಡಿ ಹಾಗೇ ಇದೆ. ಇನ್ನೊಂದು ವಿಷಯವಿದೆ, ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಡೈರಿಯ ಹಾಳೆ ಹರಿದು ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದು ನಿಮ್ಮಮ್ಮ ಹೋದ ಮೇಲೆ, ಬೆಳಗ್ಗೆ ಹಾಲು ಕಾಯಿಸುವಾಗ ನಾನು ಅವಳ ಹತ್ತಿರ ಮಾತಾಡುವುದುಂಟು. ನಲ್ಲಿಯಲ್ಲಿ ನೀರು ಬಂತು, ಹುರುಳಿ ನೆನೆಹಾಕಲೋ ಕಡಲೆಯೋ, ಇಂಥವೇ. ನಿಮ್ಮಣ್ಣ ರವಿಚಂದ್ರ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಬೈಯಲಿಲ್ಲ, ಪಾಪ, ಹೆದರಿದ. ತಲೆಯ ಡಾಕ್ಟರ ಹತ್ತಿರ ಸೋಮವಾರಕ್ಕೆ ಚೀಟಿ ಮಾಡಿಸಿದ. ಅಂದಿನಿಂದ ಬಾಯಿ ಮುಚ್ಚಿಕೊಂಡೇ ಹಾಲು ಕಾಯಿಸಿದೆ. ಮನೆ ಇನ್ನಷ್ಟು ಖಾಲಿಯಾಯಿತು.

ಈ ನಡುವೆ ರವಿಯ ಮಗಳು ಹರ್ಷಿತಾಗೆ ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರ. ಅವಳ ಮಾತಿಗೆ ಮುಂಚೆ ಕಂಸದಲ್ಲಿ ‘ಸ್ವಗತ’ ಎಂದಿತ್ತಂತೆ. ಇವಳು ‘ಸ್ವಾಗತ’ ಎಂದು ಓದಿಕೊಂಡು, ಎಲ್ಲರಿಗೂ ಕೈಮುಗಿದು ನಗುನಗುತ್ತಾ ‘ಅಯ್ಯೋ, ಇನ್ನು ನನ್ನ ಗತಿಯೇನು’ ಅಂದಳಂತೆ. ಇಡೀ ತರಗತಿ ನಕ್ಕಿದೆ. ಕನ್ನಡದ ಮೇಡಂ ಗಿರಿಜಾಂಬಾ ಬಿಡಿಸಿ ಹೇಳಿದರಂತೆ: ಅದು ಸಂಸ್ಕೃತದಿಂದ ಬಂದ ಪದ, ಸ್ವ ಅಂದರೆ ತಾನು, ಗತ ಅಂದರೆ ಹೋದದ್ದು, ತನ್ನೊಳಗೇ ಹೋದ ಮಾತು. ನಾಟಕ ನೋಡುವವರಿಗೆ ಕೇಳುತ್ತದೆ, ರಂಗದ ಮೇಲೆ ಪಕ್ಕದಲ್ಲೇ ನಿಂತವರಿಗೆ ಕೇಳಿಸಬಾರದು. ಏಳನೇ ಕ್ಲಾಸಿನವರೆಗೆ ಓದಿದ ನನಗೆ ‘ಗತ’ ಗೊತ್ತಿದ್ದದ್ದು ನಿಮ್ಮಮ್ಮನ ತಿಥಿ ಕಾರ್ಡಿನ ‘ದಿವಂಗತ’ದಲ್ಲಿ ಮಾತ್ರ. ಅವಳು ದಿವಕ್ಕೆ ಹೋದಳು, ಮಾತು ನನ್ನೊಳಗೆ ಹೋಯಿತು.

ನಿನ್ನೆ ಬೆಳಗ್ಗೆ ಮರೆತು ಮಾತಾಡಿಬಿಟ್ಟೆ. ರವಿ ಒಳಗೆ ಬಂದ. ಹರ್ಷಿತಾ ಅವನ ಅಂಗಿ ಹಿಡಿದೆಳೆದಳು. “ಅಪ್ಪಾ, ತಾತಂದು ಸ್ವಗತ ಕಣಪ್ಪ. ನೀನು ಪಕ್ಕದಲ್ಲಿ ನಿಂತಿರೋನು, ನಿಂಗೆ ಕೇಳ್ಸಬಾರ್ದು.” ರವಿ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. “ಆಯ್ತು ಬುಡಮ್ಮ, ಕೇಳ್ಸಲಿಲ್ಲ” ಅಂದು ಹೊರಗೆ ಹೋದ. ಡಾಕ್ಟರ ಚೀಟಿ ರದ್ದು ಮಾಡಿದನೆಂದು ಸೊಸೆ ಆಮೇಲೆ ಹೇಳಿದಳು.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನೀವಿಬ್ಬರೂ ಜಗಳವಾಡಿಕೊಂಡಾದರೂ ಬಹುಕಾಲ ಜೊತೆಗಿರಿ.

ನಿನ್ನ ಅಪ್ಪ
ಮಹದೇವು

ಮತ್ತೆ: ಇದನ್ನು ಮಗುವಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆ ಪದ ನನಗೆ ಸರಿಹೊಂದುವುದಿಲ್ಲ. ಸ್ವಗತ ಆಡುವವರು ಉತ್ತರಕ್ಕೆ ಕಾಯುವುದಿಲ್ಲವಂತೆ. ನಾನು ಒಂದೊಂದು ಮಾತಾದ ಮೇಲೂ ನಿಲ್ಲಿಸಿ ಕಾಯುತ್ತೇನೆ. ನಿನ್ನ ದನಿ ನಿಮ್ಮಮ್ಮನದೇ. ಬೆಳಗ್ಗೆ ಒಮ್ಮೊಮ್ಮೆ ಫೋನ್ ಮಾಡು ಮಗಳೇ. ಏನೂ ಹೇಳಬೇಕಿಲ್ಲ, ಹೂಂ ಅಂದರೆ ಸಾಕು.