ಸೋದರಮಾವನ ಜಿಲೇಬಿ

...ಮತ್ತೆ ಮೊದ್ಲಿಂದ ಶುರು ಮಾಡ್ತಿದೀನಿ, ಬೇಜಾರ್ ಮಾಡ್ಕಬ್ಯಾಡ ಚಿತ್ರಾ. ಹಿಂದಿನ ವಾಯ್ಸ್ ನೋಟ್‌ನಾಗೆ ಲಾರಿ ಹಾರ್ನ್ ಬಿಟ್ರೆ ಬೇರೇನೂ ಕೇಳ್ತಿರಲಿಲ್ಲ. ಈಗ ಬೇಕರಿ ಹಿಂದ್ಗಡೆ ಬಂದು ನಿಂತಿದೀನಿ. ಐಮಂಗಲ, ಇಪ್ಪತ್ತನೇ ತಾರೀಕು, ಭಾನುವಾರ. ಆರಾಮಿದೀಯೇನಮ್ಮ? ನೈಟ್ ಡ್ಯೂಟಿ ಮಾಡಿ ಸೊಂಟ ನೋವು ಅಂತಿದ್ದೆ, ಕಮ್ಮಿ ಆತಾ? ಹರೀಶ್ ಭಾವ, ನನ್ನ ಪುಟ್ಟ ಅಳಿಯ, ಇಬ್ರೂ ಚೆನ್ನಾಗವ್ರಾ? ಐರ್ಲೆಂಡ್ ಚಳಿಗೆ ಮಗೂಗೆ ಟೋಪಿ ಹಾಕು.

ಮೊನ್ನೆ ಫೋನ್‌ನಾಗೆ ನೀನು, "ಜವಳಕ್ಕೆ ನಿನ್ನ ಬೇಕರಿ ಸಿಹಿ ತರಬ್ಯಾಡಣ್ಣ, ಆ ಬಣ್ಣ ನನ್ನ ಮಗೂಗೆ ಬ್ಯಾಡ, ಬಾಳೆಹಣ್ಣು ಸಾಕು" ಅಂದ್ಯಲ್ಲ, ಸುಳ್ಯಾಕೆ ಹೇಳ್ಲಿ, ಸಿಟ್ಟು ಬಂತು. ಮೊದಲ ಕೂದ್ಲು ಕತ್ತರಿಸಿ ಅಳಿಯನ ಬಾಯಿಗೆ ಸಿಹಿ ಇಡೋನು ಸೋದರಮಾವ. ಊರಿಗೆಲ್ಲ ಜಿಲೇಬಿ ಮಾರೋನು ಅವತ್ತು ಬಾಳೆಹಣ್ಣು ಹಿಡ್ಕಂಡು ನಿಂತ್ರೆ ನೆಂಟರು ಬಿಡ್ತಾರಾ? ಅಷ್ಟ್ರಾಗೆ ಅಮೆರಿಕಾಕ್ಕೆ ಹೋಗಿ ಬಂದ ಶ್ರೀನಿವಾಸ್ ಮೇಷ್ಟ್ರು ಒಂದು ಡಬ್ಬ ಕೊಟ್ರು, ಹಾಲಿಗೆ ಹಾಕ್ಕಂಡು ತಿನ್ನೋ, ಬಳೆ ಥರದ ಬಣ್ಣಬಣ್ಣದ ತಿಂಡಿ. ಇದೇ ಚಿತ್ರ ಎಲ್ಲೋ ನೋಡಿದೀನಲ್ಲ ಅಂತ ಒಳಗೆ ಹುಡುಕಿದ್ರೆ, ಹೋದ ಸಲ ನೀನು ಬಿಟ್ಟುಹೋಗಿದ್ದ ಡಬ್ಬ. ನಿಮ್ಮತ್ತಿಗೆ ಸರ್ವಮಂಗಳ ಅದ್ರಾಗೆ ಕ್ಯಾರಿಬ್ಯಾಗ್ ತುಂಬಿಟ್ಟವ್ಳೆ, ಅವಳು ಏನನ್ನ ಬಿಸಾಕ್ತಾಳೆ ಹೇಳು. ಎರಡೂ ಒಂದೇ ಕಂಪನೀವು. ಕನ್ನಡಕ ಹಾಕ್ಕಂಡು ಸಣ್ಣ ಅಕ್ಷರ ಓದಿದೆ. ಅಮೆರಿಕಾದ್ರಾಗೆ ಕೆಂಪು ನಲವತ್ತು, ಹಳದಿ ಐದು, ನೀಲಿ ಒಂದು ಅಂತ ನಂಬರ್ ಹಾಕಿದ ಕೆಮಿಕಲ್ ಬಣ್ಣ. ನಿಮ್ಮದ್ರಾಗೆ ಕ್ಯಾರೆಟ್, ಬೀಟ್ರೂಟ್. ಯೂರೋಪ್‌ನಾಗೆ ಪೂರ್ತಿ ಬ್ಯಾಡ ಅಂದಿಲ್ವಂತೆ, ಆದ್ರೆ ಅಂಥ ಬಣ್ಣ ಹಾಕಿದ್ರೆ ಮಕ್ಕಳ ಗಮನಕ್ಕೆ ತೊಂದ್ರೆ ಆಗಬಹುದು ಅಂತ ಡಬ್ಬದ ಮ್ಯಾಲೆ ಬರೀಬೇಕಂತೆ, ಮೇಷ್ಟ್ರು ಫೋನ್‌ನಾಗೆ ನೋಡಿ ಹೇಳಿದ್ರು. ಹಂಗೆ ಬರೆದ್ರೆ ಯಾವ ತಾಯಿ ಕೊಳ್ತಾಳೆ? ಅದಕ್ಕೇ ತರಕಾರಿಗೆ ಇಳಿದವ್ರೆ. ನಿನ್ನ ಮಾತಿನ ಅರ್ಥ ಆಗ ತಲೆಗೆ ಹೋಯ್ತು. ಅಷ್ಟು ದೊಡ್ಡ ಕಂಪನಿ ಎರಡು ಥರ ಮಾಡೋದಾದ್ರೆ ನಂಗೇನು ಧಾಡಿ?

ಬೀಟ್ರೂಟ್ ರಸ ಹಿಟ್ಟಿಗೆ ಹಾಕಿ ಕಲಸಿದೆ. ಎಣ್ಣೆಗೆ ಬಿಡ್ತಿದ್ದಂಗೆ ಬೆಲ್ಲದ ಗಸಿ ಥರ ಕಪ್ಪಗಾತು. "ಎಮ್ಮೆಗೆ ಹಾಕ್ರಿ" ಅಂದ್ಲು ನಿಮ್ಮತ್ತಿಗೆ. ಬಣ್ಣಾನೇ ಬ್ಯಾಡ ಅಂತ ಹುಳಿ ಬಂದ ಮೈದಾ, ಸಕ್ಕರೆ ಪಾಕ, ಏಲಕ್ಕಿ, ಇಷ್ಟ್ರಾಗೇ ಬಿಟ್ಟೆ. ಏನು ಗರಿಗರಿ ಅಂತೀಯ. ನಮ್ಮ ಹುಲಿಗೆಮ್ಮಜ್ಜಿ ಕೌಂಟರ್ ಮುಂದೆ ನಿಂತು, "ಲೇ ಸಣ್ಣಪ್ಪ, ನಿನ್ನ ಜಿಲೇಬಿಗೆ ರಕ್ತ ಕಮ್ಮಿ ಐತೆ, ಆಸ್ಪತ್ರೆಗೆ ತೋರ್ಸು" ಅಂದ್ಲು. ಅಂದೋಳು ಎರಡು ತಿಂದು, ಮೊಮ್ಮಕ್ಳಿಗೆ ಅಂತ ಕಟ್ಟಿಸ್ಕಂಡೂ ಹೋದ್ಲು.

ಜವಳಕ್ಕೆ ನೀನು ಊರಿಗೆ ಬಂದ ದಿನಾನೇ ಬೇಕರಿಗೆ ಬಾ, ನಿನ್ನ ಕಣ್ಣೆದ್ರಿಗೇ ಹಿಟ್ಟು ಕಲಸ್ತೀನಿ. ನೀನು ಹೂಂ ಅಂದ್ರೆ ಮಾತ್ರ ಅವನ ಬಾಯಿಗೆ. ಇಲ್ಲಾಂದ್ರೆ ಬಾಳೆಹಣ್ಣೇ ಸೈ, ನೆಂಟರ ಬಾಯಿ ನಾನು ನೋಡ್ಕಂತೀನಿ. ಮೂರೂ ಜನ ತಣ್ಣಗಿರ್ರಿ ಕಣಮ್ಮ. ನಿಮ್ಮಣ್ಣ, ಸಣ್ಣಪ್ಪ.

ಹಾಂ, ತಡಿ ತಡಿ, ಇದನ್ನ ಹೇಳೋಕೇ ಫೋನ್ ತಗಂಡಿದ್ದು. ಜಿಲೇಬಿಗೆ ಹಾಕ್ತಿದ್ದ ಕಲರ್ ಪುಡಿ ಡಬ್ಬ ಬೆಳಿಗ್ಗೆ ಕಸದ ಗಾಡಿಗೆ ಹಾಕ್ದೆ. ಗಿರಾಕಿ ಒಂದಿಷ್ಟು ಜನ ತಪ್ಪಬಹುದು, ತಪ್ಲಿ. ನನ್ನ ಅಳಿಯನಿಗೆ ಬ್ಯಾಡಾದದ್ದು ಹುಲಿಗೆಮ್ಮಜ್ಜಿ ಮೊಮ್ಮಕ್ಳಿಗೆ ಹೆಂಗ್ ಕೊಡ್ಲಿ... ಬಂದೆ ಕಣೇ, ಪಾಕ ಇಳಿಸು ನೀನು. ನಿಮ್ಮತ್ತಿಗೆ ಕರೀತಾವ್ಳೆ. ಇಡ್ತೀನಿ.