ಕುರಿಯ ಪರ ಇದ್ದ ಎರಡು ಪುಸ್ತಕ

ಜ್ಞಾನೇಶ್ವರ,

ಒಂದು ಪುಟದ ಪಟ್ಟಿಗೆ ಮೂರು ವಾರ ಹೋಯಿತು, ಭಾಲ್ಕಿಗೆ ನಾಲ್ಕು ಸಲ ಬಸ್ಸು ಹತ್ತಿದೆ, ನಿನ್ನೆಯಿಂದ ನಿದ್ದೆಯೂ ಹೋಗಿದೆ. ನೀನು ನನ್ನ ಫೋನ್ ಎತ್ತುವುದು ಬಿಟ್ಟು ಎರಡು ವರ್ಷ. ಈ ಕಾಗದವೂ ಬೀದರಿನ ನನ್ನ ಪುಸ್ತಕದಂಗಡಿ ದಾಟುವುದಿಲ್ಲ.

ಭಾಲ್ಕಿಯ ಪ್ರಾಧ್ಯಾಪಕರೊಬ್ಬರು ಪರಿಸರ ಚಿಂತನೆಯ ಬೇರೆಬೇರೆ ಪಂಥಗಳ ಓದುಪಟ್ಟಿ ಕೇಳಿದ್ದರು. ಕಾಡಿನಿಂದ ಮನುಷ್ಯ ದೂರವಿರಬೇಕು ಎನ್ನುವವರು, ಯಂತ್ರವೇ ಪರಿಹಾರ ಎನ್ನುವವರು, ಎಲ್ಲರನ್ನೂ ಸೇರಿಸಿದೆ. ಕುರಿ ಮೇಯ್ದರೇ ಹುಲ್ಲುಗಾವಲು ಉಳಿಯುತ್ತದೆ ಎನ್ನುವವರ ಎರಡು ಪುಸ್ತಕ ಮಾತ್ರ ಬಿಟ್ಟೆ. ಪುಟದಲ್ಲಿ ಜಾಗವಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ: ಅವು ನೀನು ಹೊಗಳುತ್ತಿದ್ದ ಪುಸ್ತಕಗಳು.

ನಿನ್ನೆ ಔರಾದ ಕಡೆಯ ನಿಮ್ಮೂರಿನಲ್ಲಿ ಸಭೆ. ಹುಲ್ಲುಗಾವಲಿಗೆ ಬೇಲಿ ಹಾಕಬೇಕೆನ್ನುವ ಸಮಿತಿಗೆ ಅದೇ ಪ್ರಾಧ್ಯಾಪಕರು ಅಧ್ಯಕ್ಷರು. ಪಟ್ಟಿ ಮಾಡಿದವನೆಂದು ನನ್ನನ್ನೂ ಕರೆಸಿದ್ದರು. ಪಟ್ಟಿ ಎತ್ತಿ ಹಿಡಿದು, "ಓದಿದವರ್ಯಾರೂ ಕುರಿ ಬೇಕಂದಿಲ್ಲರಿ," ಎಂದರು.

ನಿನ್ನ ಅವ್ವ ಭೀಮಬಾಯಿ ನನ್ನ ಕಡೆ ತಿರುಗಿದರು. "ಕಲೀಮ, ಇಷ್ಟು ಬುಕ್ಕಿನಾಗ ನಮ್ಮ ಕುರಿ ಪರ ಒಂದೂ ಇಲ್ಲೇನಪಾ? ದಿನಾ ಹರಟಿ ಹೊಡೀತಿದ್ದಿ, ಈಗ್ಯಾಕ ಬಾಯಿಗಿ ಬೀಗ?"

"ನೋಡ್ತೇನವ್ವಾ," ಎಂದೆ. ಬಾಯಿಂದಲೇ ಅಂಗಡಿ ಕಟ್ಟಿದವನು ಅಷ್ಟೇ ಹೇಳಿ ಬಸ್ಸಿಗೆ ನಡೆದೆ. ನಿಜ ಹೇಳಿದರೆ ನನ್ನ ಪಟ್ಟಿಯನ್ನು ಇನ್ನು ಯಾರೂ ನಂಬುವುದಿಲ್ಲ. ಸುಮ್ಮನಿದ್ದರೆ ಸಭೆ ನಿರ್ಧರಿಸಿದಂತೆ ಸೋಮವಾರ ಬೇಲಿ. ನಿಮ್ಮೂರಿಗೆ ಮತ್ತೆ ಹೋಗಿ ನಿಜ ಹೇಳಲೂ ಹೆದರಿಕೆ, ಹೋಗದಿರಲೂ ಹೆದರಿಕೆ.

ಇಲ್ಲಿಯವರೆಗೆ ಸಿಕ್ಕಿದ್ದು ಇಷ್ಟು: ಪ್ರಾಧ್ಯಾಪಕರಿಗೆ ನೆಪ. ನನಗೆ ಅವರಿಂದ ನಲವತ್ತು ಪುಸ್ತಕದ ಆರ್ಡರ್. ನಿನ್ನ ಅವ್ವನ ಅರವತ್ತು ಕುರಿಗೆ ಸೋಮವಾರದವರೆಗೆ ಹುಲ್ಲು.

ಕಲೀಮ