ಕುಂಕುಮ ಹಚ್ಚಿದ ಕಾರ್ಡ್

ಸಾಯಗಾಂವ
೧೬ ಏಪ್ರಿಲ್ ೨೦೧೬

ಭಾಲ್ಕಿಯ ಬ್ಯಾಂಕ್ ಮ್ಯಾನೇಜರ್ ಸಾಹೇಬರಿಗೆ,

ನಾನು ಕೌಸಲ್ಯಾಬಾಯಿ. ಹತ್ತನೇ ಇಯತ್ತೆ ಓದಿದವಳು, ಮೂವತ್ತು ವರ್ಷದಿಂದ ಈ ಮನೆಯ ಯಜಮಾನಿ. ಯಾರ ಮುಂದೆಯೂ ಕೈಯೊಡ್ಡಿದವಳಲ್ಲ.

ಎರಡು ವರ್ಷದ ಹಿಂದೆ ಠೇವಣಿ ಇಡಿಸಿಕೊಂಡು ಸಣ್ಣ ಕ್ರೆಡಿಟ್ ಕಾರ್ಡ್ ಕೊಟ್ಟಾಗ ನೀವು, "ಬಾಯಿ, ಹೆಸರು ಕೆಡಿಸ್ಕೋಬ್ಯಾಡ್ರಿ, ಮುಂದ ದೊಡ್ಡದು ಸಿಗ್ತದ" ಎಂದಿರಿ. ನಾನು ಅದಕ್ಕೆ ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲಿಟ್ಟೆ. ಒಂದು ಪೈಸೆಯನ್ನೂ ಬಳಸಲಿಲ್ಲ. ದೊಡ್ಡ ಕಾರ್ಡ್ ಬಂದ ಮೇಲೆ ಎರಡು ಹೊಲಿಗೆ ಯಂತ್ರ ಕೊಳ್ಳೋಣ, ಬರಗಾಲವೆಂದು ಊರು ಬಿಡಬೇಡ ಎಂದು ಸೊಸೆ ಜಿಜಾಬಾಯಿಯನ್ನು ತಡೆದಿಟ್ಟಿದ್ದೆ.

ಹೋದ ಸೋಮವಾರ ಸೊಸೆಯನ್ನು ಕರೆದುಕೊಂಡು ದೊಡ್ಡ ಕಾರ್ಡ್ ಕೇಳಲು ಬ್ಯಾಂಕಿಗೆ ಬಂದಾಗ ನಿಮ್ಮ ಗುಮಾಸ್ತರು ನಕ್ಕರು. "ಕಾರ್ಡ್ ಬಳಸಿ, ತಿಂಗಳಾ ರೊಕ್ಕ ತುಂಬಿದ್ರ ಹೆಸರು ಆಗ್ತದ್ರಿ ಬಾಯಿ. ನಿಮ್ಮ ಲೆಕ್ಕ ಖಾಲಿನೇ ಅದ. ಈಗಿಂದ ಶುರು ಮಾಡ್ರಿ, ಇನ್ನೆರಡು ವರ್ಷ ತಡೀರಿ."

ಮರಳುವಾಗ ಜಿಜಾಬಾಯಿ ಒಂದೇ ಮಾತು ಆಡಿದಳು: "ಅತ್ತಿ, ದೇವರಿಗೂ ಅದು ಉಪಯೋಗಕ್ಕ ಬರಲಿಲ್ಲ ನೋಡ್ರಿ."

ತಪ್ಪು ನನ್ನದು. ಕಾರ್ಡನ್ನು ಕತ್ತರಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಠೇವಣಿಯನ್ನು ಸೊಸೆಯ ಖಾತೆಗೆ ಹಾಕಿರಿ, ಪುಣೆಯಲ್ಲಿ ಖೋಲಿಯ ಬಾಡಿಗೆಗೆ ಬೇಕಾಗುತ್ತದೆ. ಇಂದು ಮುಂಜಾನೆ ನಾನೇ ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆ.

ಇಂತಿ,
ಕೌಸಲ್ಯಾಬಾಯಿ